ಟೈರಿನೊಳಗಣ ಗಾಳಿ

ಶೇಂಗಾ ಸುಗ್ಗಿಯ ದಿನಗಳಲ್ಲಿ ಚಳ್ಳಕೆರೆಯ ಪೇಟೆಯಲ್ಲಿ ಅರ್ಧ ಗಂಟೆ ನಿಂತರೆ ಸಾಕು, ಗಾಳಿಯ ಮೇಲೆ ಎಷ್ಟು ಭಾರವನ್ನು ಹೇರಬಹುದೆಂಬುದು ಕಣ್ಣಿಗೆ ಕಾಣುತ್ತದೆ. ಮೂಟೆ ಹೊತ್ತ ಲಾರಿ, ಟ್ರೇಲರನ್ನೆಳೆಯುವ ಟ್ರ್ಯಾಕ್ಟರು, ಆಗೊಮ್ಮೆ ಈಗೊಮ್ಮೆ ಒಂದು ಟೈರುಗಾಡಿ, ಇವುಗಳ ನಡುವೆ ನುಸುಳುವ ಸೈಕಲ್ಲು ಬೈಕುಗಳು. ಇವೆಲ್ಲವನ್ನೂ ಹೊತ್ತಿರುವುದು ರಬ್ಬರು ಎಂದು ನಾವು ಭಾವಿಸುತ್ತೇವೆ. ನಿಜವಾಗಿ ಹೊತ್ತಿರುವುದು ರಬ್ಬರಿನ ಚೀಲದೊಳಗೆ ಕಟ್ಟಿಹಾಕಿದ ಗಾಳಿ. ರಸ್ತೆಯ ಬದಿಯ ಪಂಕ್ಚರ್ ಅಂಗಡಿಯವನು ಬಂದವರನ್ನೆಲ್ಲ ಕೇಳುವ ಪ್ರಶ್ನೆ ಒಂದೇ: “ಎಷ್ಟು ಪೌಂಡು?” ಹೆಚ್ಚಿನವರ ಉತ್ತರವೂ ಒಂದೇ: “ಹಾಕಪ್ಪ, ಎಷ್ಟು ಬೇಕೋ ಅಷ್ಟು.”

ಎಷ್ಟು ಬೇಕು? ಭೌತಶಾಸ್ತ್ರವನ್ನು ಪಾಠ ಹೇಳುವ ನಮಗೂ ಈ ಪ್ರಶ್ನೆ ನೆಟ್ಟಗೆ ಎದುರಾದುದು ಕಳೆದ ಚಳಿಗಾಲದಲ್ಲಿ, ದೊಡ್ಡಉಳ್ಳಾರ್ತಿಯಲ್ಲಿ.

ಅಲ್ಲಿ ನಮ್ಮ ಮಿತ್ರರೊಬ್ಬರಿದ್ದಾರೆ, ಶೇಂಗಾ ಬೆಳೆಯುವವರು. ಅವರ ಉಗ್ರಾಣದಲ್ಲಿ ಮೂಟೆಗಳ ಪಕ್ಕದಲ್ಲಿ, ಗೋಣಿಚೀಲದ ಮುಸುಕಿನಡಿ ಎರಡೇ ಆಸನಗಳ ಒಂದು ಹಳೆಯ ಸ್ಪೋರ್ಟ್ಸ್ ಕಾರು ನಿಂತಿತ್ತು. ನೆಲಕ್ಕೆ ತೀರ ಸಮೀಪವಾದ ಒಡಲು, ಉದ್ದನೆಯ ಮೂತಿ, ಮುಂದೆ ಎಂಜಿನು, ಚಾಲನೆ ಹಿಂದಿನ ಗಾಲಿಗಳಿಗೆ. ಬೆಂಗಳೂರಿನ ಬಂಧುಗಳಿಂದ ಅದು ಹೇಗೆ ಈ ಬಯಲುಸೀಮೆಗೆ ಬಂದಿತೆಂಬುದು ಬೇರೆಯೇ ಕಥೆ. ಅದರ ಹೆಸರನ್ನು ಬರೆಯಬಾರದೆಂದು ಮಿತ್ರರ ಅಪ್ಪಣೆಯೂ ಆಗಿದೆ. ಅವರ ಮಗ ನಮ್ಮ ವಿದ್ಯಾರ್ಥಿ. ಆ ಕಾರನ್ನು ಹೆದ್ದಾರಿಗೆ ಒಯ್ದು ಗಂಟೆಗೆ 120 ಕಿಲೋಮೀಟರು ಮುಟ್ಟಿಸಬೇಕೆಂಬುದು ಅವನ ಬಯಕೆ.

“ಗಾಳಿ ತುಂಬಿಸಿಕೊಂಡು ಬಂದಿದೀನಿ ಸಾರ್. ಅಂಗಡಿಯಣ್ಣ ನಾಲ್ಕಕ್ಕೂ 40 ಹಾಕಿದಾನೆ. ಗಟ್ಟಿಯಾಗಿದ್ದರೆ ಒಳ್ಳೇದಲ್ವಾ?” ಎಂದ.

ನಾವು ಕುಕ್ಕರುಗಾಲಿನಲ್ಲಿ ಕುಳಿತು ಒಂದೊಂದೇ ಟೈರನ್ನು ನೋಡಿದೆವು. ಮುಂದಿನವೆರಡೂ ಒಂದೇ ಕಂಪನಿಯವು, ಪಕ್ಕೆಯ ಮೇಲೆ 175/70 ಆರ್ 13 ಎಂದು ಅಚ್ಚಾಗಿತ್ತು. ಹಿಂದಿನ ಎಡಗಾಲಿಯದು ಅದೇ ಅಳತೆಯದಾದರೂ ಬೇರೆ ಕಂಪನಿಯದು, ಅರ್ಧ ಸವೆದುದು. ಹಿಂದಿನ ಬಲಗಾಲಿಯದು ಮೂರನೆಯ ಕಂಪನಿಯದು, ಅಳತೆಯೂ ಬೇರೆ: 165/80 ಆರ್ 13. ಅದರ ಹಲ್ಲುಗಳು ಮಾತ್ರ ಹೊಸ ಟೈರಿನಂತೆ ಆಳವಾಗಿದ್ದವು. “ಇದೇ ಸಾರ್ ಚೆನ್ನಾಗಿರೋದು” ಎಂದು ಹುಡುಗ ಅದನ್ನು ತಟ್ಟಿದ. ಕಾರಿನ ಕೈಪಿಡಿಯನ್ನು ತರಿಸಿ ನೋಡಲಾಗಿ, ತಣ್ಣಗಿರುವಾಗ ಮುಂದೆ 26 ಪೌಂಡು, ಹಿಂದೆ 28 ಪೌಂಡು ಎಂದಿತ್ತು. ಪೌಂಡು ಎಂದರೆ ಇಲ್ಲಿ ಒಂದು ಚದರಂಗುಲಕ್ಕೆ ಇಷ್ಟು ಪೌಂಡುಗಳ ಒತ್ತಡ ಎಂದರ್ಥ.

40 ಎಲ್ಲಿಂದ ಬಂತು? ಟೈರಿನ ಪಕ್ಕೆಯ ಮೇಲೆ 44 ಎಂಬ ಅಂಕಿಯಿದ್ದಿತು. ಅಂಗಡಿಯವನು ಅದನ್ನು ನೋಡಿ, ಸ್ವಲ್ಪ ಉಳಿಸಿ 40 ಹಾಕಿದ್ದಾನೆ. ಈ ತಪ್ಪನ್ನು ಓದುಬರಹ ಬಲ್ಲವರೂ ಮಾಡುತ್ತಾರೆ. ಪಕ್ಕೆಯ ಮೇಲಿನ ಆ ಅಂಕಿ ಟೈರು ತಾಳಬಲ್ಲ ಗರಿಷ್ಠ ಒತ್ತಡವೇ ಹೊರತು ಅದಕ್ಕೆ ತುಂಬಬೇಕಾದ ಒತ್ತಡವಲ್ಲ. ಒಂದೇ ಟೈರನ್ನು ಹತ್ತಾರು ಬಗೆಯ ಕಾರುಗಳಿಗೆ ತೊಡಿಸುತ್ತಾರೆ. ಯಾವ ಕಾರಿಗೆ ಎಷ್ಟು ಎಂಬುದನ್ನು ಟೈರು ಮಾಡಿದವನು ಹೇಳಲಾರ, ಕಾರು ಮಾಡಿದವನು ಹೇಳಬೇಕು. ಅದು ಕೈಪಿಡಿಯಲ್ಲಿ, ಅಥವಾ ಈಗಿನ ಕಾರುಗಳಲ್ಲಿ ಚಾಲಕನ ಬಾಗಿಲ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿ ಇರುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಇಬ್ಬರು ಕುಳಿತಾಗ ಆ ಕಾರಿನ ತೂಕ ಸುಮಾರು 960 ಕಿಲೋಗ್ರಾಂ. ಒಂದೊಂದು ಗಾಲಿಗೆ ಸರಾಸರಿ 240 ಕಿಲೋಗ್ರಾಂ ಪಾಲು. 26 ಪೌಂಡಿನ ಒತ್ತಡವೆಂದರೆ ಚದರ ಸೆಂಟಿಮೀಟರಿಗೆ 1.83 ಕಿಲೋಗ್ರಾಂ. ಭಾರವನ್ನು ಒತ್ತಡದಿಂದ ಭಾಗಿಸಿದರೆ ನೆಲವನ್ನು ಮುಟ್ಟಿರುವ ರಬ್ಬರಿನ ಕ್ಷೇತ್ರಫಲ ದೊರೆಯುತ್ತದೆ: ಸುಮಾರು 131 ಚದರ ಸೆಂಟಿಮೀಟರು. ಟೈರಿನ ಪಕ್ಕೆಯೂ ಒಂದಷ್ಟು ಭಾರವನ್ನು ಹೊರುವುದರಿಂದ ಈ ಲೆಕ್ಕ ಕರಾರುವಾಕ್ಕಾದುದಲ್ಲ, ಆದರೆ ತೀರ ದೂರದ್ದೂ ಅಲ್ಲ. ನಿಮ್ಮ ಅಂಗೈಯನ್ನು ಬೆರಳುಗಳೊಡನೆ ನೆಲದ ಮೇಲೆ ಊರಿ ನೋಡಿ, ಹೆಚ್ಚುಕಡಿಮೆ ಅಷ್ಟೇ. ಓಡುವುದು, ತಿರುಗುವುದು, ನಿಲ್ಲುವುದು, ಕಾರಿನ ಇಷ್ಟೂ ವ್ಯವಹಾರ ನಡೆಯುವುದು ಆ ನಾಲ್ಕು ಅಂಗೈಯಗಲದ ನೆಲದ ಮೇಲೆ. 40 ಪೌಂಡು ತುಂಬಿದಾಗ ಅದು ಒಂದೊಂದು ಗಾಲಿಗೆ ಸುಮಾರು 85 ಚದರ ಸೆಂಟಿಮೀಟರಿಗೆ ಇಳಿಯುತ್ತದೆ.

ಹುಡುಗ ಇಲ್ಲಿ ಒಂದು ಒಳ್ಳೆಯ ಆಕ್ಷೇಪವನ್ನು ತೆಗೆದ. ಘರ್ಷಣೆಯು ಮುಟ್ಟಿರುವ ಕ್ಷೇತ್ರಫಲವನ್ನು ಅವಲಂಬಿಸುವುದಿಲ್ಲವೆಂದು ನಾವೇ ತರಗತಿಯಲ್ಲಿ ಹೇಳಿದ್ದೆವು. ಹಾಗಾದರೆ 131 ಇದ್ದರೇನು, 85 ಇದ್ದರೇನು? ಆ ನಿಯಮವು ಮರ, ಕಬ್ಬಿಣ ಮೊದಲಾದ ಗಡಸು ವಸ್ತುಗಳಿಗೆ ಚೆನ್ನಾಗಿ ಒಪ್ಪುತ್ತದೆ. ರಬ್ಬರು ಅವುಗಳಂತಲ್ಲ. ಅದು ರಸ್ತೆಯ ಜಲ್ಲಿಯ ಏರುತಗ್ಗುಗಳೊಳಕ್ಕೆ ಇಳಿದು ಅವನ್ನು ಹಿಡಿಯುತ್ತದೆ. ಚಿಕ್ಕ ಜಾಗದಲ್ಲಿ ಬಹಳ ಒತ್ತಿದರೆ ಈ ಇಳಿಯುವಿಕೆ ಭಾರಕ್ಕೆ ತಕ್ಕಷ್ಟು ಹೆಚ್ಚುವುದಿಲ್ಲ. ಆದುದರಿಂದ ರಬ್ಬರಿನ ಘರ್ಷಣಾಂಕವು ಒತ್ತಡ ಹೆಚ್ಚಿದಂತೆ ಕೊಂಚ ಕೊಂಚವಾಗಿ ಇಳಿಯುತ್ತದೆ. ಪಠ್ಯಪುಸ್ತಕದ ನಿಯಮಗಳನ್ನು ರಸ್ತೆಗೆ ಒಯ್ಯುವಾಗ ಅವು ಯಾವ ವಸ್ತುವಿನ ಮೇಲೆ ಹುಟ್ಟಿದವೆಂಬುದನ್ನು ಕೇಳಿಕೊಳ್ಳಬೇಕು. ಇದಲ್ಲದೆ ಅತಿಯಾಗಿ ಉಬ್ಬಿದ ಟೈರು ನಡುವಿನಲ್ಲಿ ಮಾತ್ರ ನೆಲವನ್ನು ಮುಟ್ಟಿ ಅಲ್ಲಿಯೇ ಸವೆಯುತ್ತದೆ. ಉಬ್ಬುತಗ್ಗಿನ ರಸ್ತೆಯಲ್ಲಿ ಪುಟಿದು ಕ್ಷಣಕ್ಷಣಕ್ಕೂ ನೆಲವನ್ನು ಬಿಡುತ್ತದೆ. ನೆಲ ಬಿಟ್ಟ ಗಾಲಿಗೆ ಬ್ರೇಕು ಇದ್ದೂ ಇಲ್ಲದಂತೆ.

ಹಾಗೆಂದು ಗಾಳಿಯನ್ನು ಇಳಿಸುತ್ತ ಹೋಗೋಣವೆಂದರೆ ಅದು ಇನ್ನೂ ಕೆಟ್ಟದ್ದು. ಅದಕ್ಕೆ ಮುಂದೆ ಬರುತ್ತೇವೆ. ಮೊದಲು ಆ ಬೆಳಗ್ಗೆ ನಾವು ಮಾಡಿದ ಒಂದು ಪ್ರಯೋಗವನ್ನು ಹೇಳಬೇಕು.

ಹಿಂದಿನ ಬಲಗಾಲಿಯನ್ನು ಬಿಚ್ಚಿ, ಕಾರಿನಲ್ಲಿದ್ದ ಸ್ಟೆಪ್ನಿಯನ್ನು ತೊಡಿಸಿದೆವು. ಅದು ಸರಿಯಾದ ಅಳತೆಯದೇ ಆಗಿತ್ತು. ಬಿಸಿಲೇರುವ ಮೊದಲೇ ಗಾಳಿಯನ್ನು ಮುಂದೆ 26ಕ್ಕೂ ಹಿಂದೆ 28ಕ್ಕೂ ಇಳಿಸಿದೆವು. ಉಗ್ರಾಣದೊಳಗಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. ಹುಡುಗ ಕಾರನ್ನು ಚಳ್ಳಕೆರೆಯವರೆಗೆ ಸಾವಕಾಶವಾಗಿ ಓಡಿಸಿಕೊಂಡು ಬಿಸಿಲಿನಲ್ಲಿ ಹಿಂದಿರುಗಿದ. ಕೂಡಲೆ ಗೇಜು ಹಿಡಿದರೆ ಮುಂದಿನ ಟೈರಿನಲ್ಲಿ 26ಕ್ಕೆ ಬದಲಾಗಿ 29½ ಇದೆ! “ಹೆಚ್ಚಾಯಿತಲ್ಲ ಸಾರ್, ಬಿಡಲಾ?” ಎಂದು ಅವನ ಬೆರಳು ಆಗಲೇ ವಾಲ್ವಿನ ಮೇಲಿತ್ತು. ಬಿಡಬೇಡವೆಂದು ತಡೆದು, ಉಗ್ರಾಣದ ಬಾಗಿಲ ಮೇಲೆ ಸೀಮೆಸುಣ್ಣದಿಂದ ಲೆಕ್ಕ ಮಾಡಿಸಿದೆವು.

ಗೇಜು ತೋರಿಸುವುದು ಹೊರಗಿನ ವಾಯುಮಂಡಲಕ್ಕಿಂತ ಒಳಗೆ ಎಷ್ಟು ಹೆಚ್ಚಿದೆಯೆಂಬುದನ್ನು ಮಾತ್ರ. ನಿಜವಾದ ಒತ್ತಡ ಬೇಕಾದರೆ ವಾಯುಮಂಡಲದ ಸುಮಾರು 14 ಪೌಂಡನ್ನು ಅದಕ್ಕೆ ಕೂಡಿಸಬೇಕು. ಬೆಳಗ್ಗೆ 26 ಮತ್ತು 14, ಒಟ್ಟು 40. ಈಗ 43½. ಟೈರಿನ ಗಾತ್ರ ಹೆಚ್ಚೇನೂ ಬದಲಾಗದಿರುವುದರಿಂದ ಒತ್ತಡವು ನಿರಪೇಕ್ಷ ಉಷ್ಣತೆಗೆ ಅನುಪಾತದಲ್ಲಿರಬೇಕು. 20 ಡಿಗ್ರಿಯೆಂದರೆ ನಿರಪೇಕ್ಷ ಮಾನದಲ್ಲಿ 293. ಅದನ್ನು 43½ರಿಂದ ಗುಣಿಸಿ 40ರಿಂದ ಭಾಗಿಸಿದರೆ 319 ಬಂತು. ಅಂದರೆ 46 ಡಿಗ್ರಿ ಸೆಲ್ಸಿಯಸ್. ಪ್ರಯೋಗಶಾಲೆಯಲ್ಲಿ ಗಾಜಿನ ಬುರುಡೆ, ಪಾದರಸ ಇಟ್ಟುಕೊಂಡು ವಾರಗಟ್ಟಲೆ ಹೆಣಗುವ ಸ್ಥಿರಗಾತ್ರದ ಅನಿಲ ಉಷ್ಣಮಾಪಕವು ಇಲ್ಲಿ ತಾನೇ ಉರುಳಿಕೊಂಡು ಬಂದಿತ್ತು! ಟೈರಿನೊಳಗಿನ ಗಾಳಿ ಎಷ್ಟು ಕಾದಿದೆಯೆಂಬುದನ್ನು ಟೈರೇ ಹೇಳಿತು. ಏಳು ಡಿಗ್ರಿಗೆ ಸುಮಾರು ಒಂದು ಪೌಂಡಿನಂತೆ ಏರುವ ಈ ಹೆಚ್ಚಳವನ್ನು ಕಾರು ಮಾಡಿದವರು ಮೊದಲೇ ಲೆಕ್ಕ ಹಿಡಿದಿರುತ್ತಾರೆ. ಕಾದಿರುವಾಗ ಗಾಳಿಯನ್ನು ಬಿಟ್ಟು 26ಕ್ಕೆ ಇಳಿಸಿದ್ದರೆ ಮರುದಿನ ಬೆಳಗ್ಗೆ ಅದು 23ರ ಕೆಳಗೆ ಹೋಗುತ್ತಿತ್ತು. ಆದುದರಿಂದಲೇ ಒತ್ತಡವನ್ನು ಯಾವಾಗಲೂ ತಣ್ಣಗಿರುವಾಗ ನೋಡಬೇಕೆನ್ನುವುದು.

ಆದರೆ ಮುಂದೆ 26, ಹಿಂದೆ 28 ಎಂಬ ಈ ಎರಡು ಪೌಂಡಿನ ಭೇದವೇಕೆ? ನಮ್ಮ ಅಭಿಪ್ರಾಯದಲ್ಲಿ ಇಡೀ ವಿಷಯದ ತಿರುಳು ಇಲ್ಲಿದೆ. ಎಷ್ಟು ಪೌಂಡು ಎಂಬುದಕ್ಕಿಂತ, ಹಿಂದಕ್ಕೂ ಮುಂದಕ್ಕೂ ಎಷ್ಟು ಅಂತರ ಎಂಬುದು ಕೆಲವೊಮ್ಮೆ ಹೆಚ್ಚಿನ ಪ್ರಶ್ನೆ.

ಆ ಕಾರು ಗಂಟೆಗೆ 60 ಕಿಲೋಮೀಟರು ವೇಗದಲ್ಲಿ 60 ಮೀಟರು ತ್ರಿಜ್ಯದ ತಿರುವನ್ನು ತಿರುಗುತ್ತದೆಯೆನ್ನಿ. ಅದನ್ನು ವೃತ್ತದಲ್ಲಿ ಹಿಡಿದಿಡಲು ಬೇಕಾಗುವ ಬಲ ಸುಮಾರು 450 ಕಿಲೋಗ್ರಾಂ ತೂಕದಷ್ಟು, ಕಾರಿನ ತೂಕದ ಹೆಚ್ಚುಕಡಿಮೆ ಅರ್ಧ. ಇದನ್ನು ಆ ನಾಲ್ಕು ಅಂಗೈಗಳೇ ಒದಗಿಸಬೇಕು. ರಬ್ಬರು ಮೆತ್ತಗಿರುವುದರಿಂದ ಈ ಅಡ್ಡಬಲಕ್ಕೆ ಅದು ಒಂದಿಷ್ಟು ತಿರುಚಿಕೊಳ್ಳುತ್ತದೆ. ಪರಿಣಾಮವಾಗಿ ಗಾಲಿ ಮುಖ ಮಾಡಿರುವ ದಿಕ್ಕು ಒಂದು, ಅದು ಉರುಳುವ ದಿಕ್ಕು ಇನ್ನೊಂದು. ಎರಡರ ನಡುವೆ ಕೆಲವು ಡಿಗ್ರಿಗಳ ಕೋನ. ಇದನ್ನು ಜಾರುಕೋನವೆಂದು ಕರೆಯೋಣ. ಹೆಸರು ಹಾಗಿದ್ದರೂ ಟೈರು ಇನ್ನೂ ಜಾರಿರುವುದಿಲ್ಲ, ತಿರುಚಿಕೊಂಡಿರುತ್ತದೆ ಅಷ್ಟೆ. ಮುಂದಿನ ಗಾಲಿಗಳ ಜಾರುಕೋನ ಹಿಂದಿನವಕ್ಕಿಂತ ಹೆಚ್ಚಾದರೆ ಕಾರು ಚಾಲಕ ಕೇಳಿದ್ದಕ್ಕಿಂತ ಕಡಮೆ ತಿರುಗುತ್ತದೆ; ಅವನು ಸಹಜವಾಗಿ ವೇಗವನ್ನು ತಗ್ಗಿಸಿ ಸ್ಟೀರಿಂಗನ್ನು ಇನ್ನಷ್ಟು ತಿರುಗಿಸುತ್ತಾನೆ, ಗಂಡಾಂತರ ಕಳೆಯುತ್ತದೆ. ಹಿಂದಿನವುಗಳ ಕೋನ ಹೆಚ್ಚಾದರೆ ಕೇಳಿದ್ದಕ್ಕಿಂತ ಹೆಚ್ಚು ತಿರುಗುತ್ತದೆ. ಹೆಚ್ಚು ತಿರುಗಿದಷ್ಟೂ ಅಡ್ಡಬಲ ಹೆಚ್ಚು, ಅಡ್ಡಬಲ ಹೆಚ್ಚಿದಷ್ಟೂ ತಿರುಗುವುದು ಇನ್ನೂ ಹೆಚ್ಚು. ಕಾರಿನ ಬಾಲ ಬೀಸಿಕೊಂಡು ಮುಂದಕ್ಕೆ ಬರುತ್ತದೆ. ಪಳಗಿದ ರೇಸುಗಾರನು ಇದನ್ನು ಹಿಡಿದು ನಿಲ್ಲಿಸಬಲ್ಲ, ನಮ್ಮಂಥವರಿಗೆ ಆ ಸಮಯವಿರುವುದಿಲ್ಲ.

ಒಂದು ಮಿತಿಯವರೆಗೆ, ಗಾಳಿ ಹೆಚ್ಚಿದಂತೆ ಟೈರು ಬಿಗಿಯಾಗಿ ಜಾರುಕೋನ ಇಳಿಯುತ್ತದೆ. ಹಿಂದಿನ ಗಾಲಿಗಳಿಗೆ ಎರಡು ಪೌಂಡು ಹೆಚ್ಚು ಕೊಟ್ಟವರು ಕಾರಿನ ಬಾಲವನ್ನು ಬಿಗಿಹಿಡಿದರು. ನಾಲ್ಕಕ್ಕೂ ಸಮನಾಗಿ 40 ತುಂಬಿದವರು ಆ ಹಿಡಿತವನ್ನು ತಮಗರಿಯದೆಯೇ ಬಿಚ್ಚಿದರು.

ಈ ಅಂತರ ಎರಡು ಪೌಂಡಿನಷ್ಟೇ ಇರಬೇಕೆಂದಿಲ್ಲ. ಅಮೆರಿಕದಲ್ಲಿ 1960ರ ಮಾದರಿಯಾಗಿ ಬಂದ ಷೆವ್ರೊಲೆ ಕಾರ್ವೇರ್ ಎಂಬ ಕಾರಿಗೆ ಎಂಜಿನು ಹಿಂದುಗಡೆ ಇದ್ದಿತು. ಭಾರವೆಲ್ಲ ಹಿಂದೆ. ಅದನ್ನು ತಯಾರಿಸಿದವರು ಮುಂದಿನ ಟೈರಿಗೆ 15 ಪೌಂಡು, ಹಿಂದಿನದಕ್ಕೆ 26 ಪೌಂಡು ಎಂದು ವಿಧಿಸಿದ್ದರು. 15 ಎಂದರೆ ನೋಡುವವರ ಕಣ್ಣಿಗೆ ಪಂಕ್ಚರಾದಂತೆಯೇ! ಗಾಳಿ ತುಂಬುವವರು ಅಭ್ಯಾಸಬಲದಿಂದ ನಾಲ್ಕಕ್ಕೂ ಸಮನಾಗಿ ತುಂಬಿಬಿಡುವುದು ಸಹಜ. ರಾಲ್ಫ್ ನೇಡರ್ ಎಂಬ ವಕೀಲರು 1965ರಲ್ಲಿ ಪ್ರಕಟಿಸಿದ ಪುಸ್ತಕದ ಮೊದಲ ಅಧ್ಯಾಯವೇ ಈ ಕಾರನ್ನು ಕುರಿತದ್ದು. ತಿರುವಿನಲ್ಲಿ ಇದು ಹತೋಟಿ ತಪ್ಪುತ್ತದೆಂದೂ, ಕಾರಿನ ದೋಷವನ್ನು ಟೈರಿನ ಗಾಳಿಯಿಂದ ಮುಚ್ಚಲಾಗಿದೆಯೆಂದೂ ಅವರ ಆರೋಪ. 1972ರಲ್ಲಿ ಅಲ್ಲಿನ ಸರ್ಕಾರದ ಪರೀಕ್ಷೆಯ ವರದಿಯು, ಆ ಕಾಲದ ಇತರ ಕಾರುಗಳಿಗಿಂತ ಇದೇನೂ ಹೆಚ್ಚು ಅಪಾಯಕರವಲ್ಲವೆಂದು ಹೇಳಿತು. ಅಷ್ಟರೊಳಗೆ ಕಾರಿನ ತಯಾರಿಕೆಯೇ ನಿಂತು ಮೂರು ವರ್ಷಗಳಾಗಿದ್ದವು. ವಾದ ಹೇಗಾದರೂ ಇರಲಿ. ಸುರಕ್ಷಿತತೆಯ ಒಂದು ಭಾಗವನ್ನು ಗಾಳಿ ತುಂಬುವವನ ಕೈಗೆ ಒಪ್ಪಿಸಿ, ಅವನಿಗೆ ಅದನ್ನು ಹೇಳದೆ ಬಿಡುವುದು ನಮಗೆ ಸರಿಕಾಣುವುದಿಲ್ಲ.

ಜಾರುಕೋನ ತಿಳಿದ ಮೇಲೆ ಟೈರುಗಳ ಜೋಡಿಯ ವಿಷಯ ಸುಲಭ. ಗಾಳಿಟೈರಿಗೆ 1845ರಲ್ಲಿಯೇ ರಾಬರ್ಟ್ ಥಾಮ್ಸನ್ ಹಕ್ಕುಪತ್ರ ಪಡೆದಿದ್ದರೂ, 1888ರಲ್ಲಿ ಅದನ್ನು ಮತ್ತೆ ಕಂಡುಹಿಡಿದು ಬಳಕೆಗೆ ತಂದವರು ಬೆಲ್‌ಫಾಸ್ಟಿನ ಜಾನ್ ಬಾಯ್ಡ್ ಡನ್‌ಲಪ್. ಅವರು ಕಸುಬಿನಲ್ಲಿ ಪಶುವೈದ್ಯರು. ಅಮೃತಮಹಲ್ ಕಾವಲುಗಳ ಈ ಸೀಮೆಯಲ್ಲಿ ಆ ಸಂಗತಿಯನ್ನು ನೆನೆಯಲು ನಮಗೆ ಹಿತವಾಗುತ್ತದೆ. ಬಹುಕಾಲ ಟೈರಿನ ಒಡಲಲ್ಲಿ ನೂಲಿನ ಎಳೆಗಳು ಓರೆಯಾಗಿ ಒಂದರ ಮೇಲೊಂದು ಕತ್ತರಿಯಂತೆ ಹಾಯ್ದಿರುತ್ತಿದ್ದವು. 1946ರಲ್ಲಿ ಫ್ರಾನ್ಸಿನ ಮಿಷೆಲಿನ್ ಕಂಪನಿಯು ಹಕ್ಕುಪತ್ರ ಪಡೆದ ರೇಡಿಯಲ್ ಟೈರಿನಲ್ಲಿ ಎಳೆಗಳು ಗಾಡಿಗಾಲಿಯ ಅರೆಕಾಲುಗಳಂತೆ ನೇರವಾಗಿ ಹಾಯುತ್ತವೆ, ಅವುಗಳ ಮೇಲೆ ನೆಲ ಮುಟ್ಟುವ ಕಡೆ ಉಕ್ಕಿನ ತಂತಿಗಳ ಬಿಗಿಯಾದ ಪಟ್ಟಿಯಿರುತ್ತದೆ. ನಮ್ಮ ಟೈರುಗಳ ಮೇಲಿನ ‘ಆರ್’ ಇದರದೇ ಗುರುತು. ರೇಡಿಯಲ್ಲಿನ ಜಾರುಕೋನ ಕಡಮೆ, ಓರೆನೂಲಿನದು ಹೆಚ್ಚು. ಮುಂದೆ ರೇಡಿಯಲ್, ಹಿಂದೆ ಓರೆನೂಲು ಹಾಕಿದವನು ಬಾಲ ಬೀಸುವ ಕಾರನ್ನು ಕೈಯಾರೆ ಮಾಡಿದಂತೆ. ಒಂದೇ ಅಚ್ಚಿನ ಎರಡು ಗಾಲಿಗಳಿಗೆ ಎರಡು ಬಗೆ ಹಾಕುವುದಂತೂ ಕೂಡದು.

ಅಚ್ಚಾಗಿರುವ ಅಳತೆಯನ್ನು ಓದುವುದು ಹೀಗೆ: 175 ಎಂದರೆ ಟೈರಿನ ಅಗಲ ಮಿಲಿಮೀಟರುಗಳಲ್ಲಿ, 70 ಎಂದರೆ ಪಕ್ಕೆಯ ಎತ್ತರ ಅಗಲದ ನೂರಕ್ಕೆ 70 ಪಾಲು, 13 ಎಂದರೆ ರಿಮ್ಮಿನ ವ್ಯಾಸ ಅಂಗುಲಗಳಲ್ಲಿ. ಪಕ್ಕೆಯ ಎತ್ತರ 122.5 ಮಿಲಿಮೀಟರು. ಅದರ ಎರಡರಷ್ಟಕ್ಕೆ ರಿಮ್ಮಿನ 330.2 ಕೂಡಿಸಿದರೆ ಗಾಲಿಯ ವ್ಯಾಸ 575.2 ಮಿಲಿಮೀಟರು. ಹುಡುಗನು ಮೆಚ್ಚಿದ್ದ 165/80 ಟೈರಿನದು ಹೀಗೆಯೇ ಲೆಕ್ಕ ಹಾಕಿದರೆ 594.2. ವ್ಯತ್ಯಾಸ ಎರಡು ಸೆಂಟಿಮೀಟರೂ ಇಲ್ಲವಲ್ಲ ಎನ್ನಬಹುದು. ಆದರೆ ಒಂದು ಕಿಲೋಮೀಟರು ಹೋಗುವಷ್ಟರಲ್ಲಿ ಎಡಗಾಲಿ ಸುಮಾರು 553 ಸುತ್ತು ತಿರುಗಿದರೆ ಬಲಗಾಲಿ 536 ಸುತ್ತು ತಿರುಗುತ್ತದೆ. ಹಿಂದಿನ ಅಚ್ಚಿನ ನಡುವೆ ಡಿಫರೆನ್ಷಿಯಲ್ ಎಂಬ ಹಲ್ಲುಗಾಲಿಗಳ ಗುಂಪು ಇರುವುದು ತಿರುವುಗಳಲ್ಲಿ ಇಂಥ ವ್ಯತ್ಯಾಸವನ್ನು ಸರಿದೂಗಿಸುವುದಕ್ಕೆ. ನೆಟ್ಟನೆಯ ರಸ್ತೆಯಲ್ಲಿಯೂ ಅದಕ್ಕೆ ಬಿಡುವಿಲ್ಲದಂತಾಗುತ್ತದೆ. ಬ್ರೇಕು ಒತ್ತಿದಾಗ ಕಾರು ಒಂದು ಬದಿಗೆ ಎಳೆಯುವುದಂತೂ ಇನ್ನೂ ಅಪಾಯ.

ಜೋಡಿ ಎಂದರೆ ನಾಲ್ಕೂ ಒಂದೇ ಅಳತೆಯವಾಗಿರಲೇಬೇಕೆಂದಲ್ಲ. ಹಲವು ಸ್ಪೋರ್ಟ್ಸ್ ಕಾರುಗಳಿಗೆ ಹಿಂದೆ ಹೆಚ್ಚು ಅಗಲದ ಟೈರುಗಳನ್ನೇ ತಯಾರಕರು ಗೊತ್ತುಮಾಡಿರುತ್ತಾರೆ. ಒಂದು ಅಚ್ಚಿನ ಎಡಬಲಗಳು ಎಲ್ಲ ವಿಧದಲ್ಲಿಯೂ ಸಮನಾಗಿರಬೇಕು, ಹಿಂದು ಮುಂದುಗಳ ಸಂಬಂಧ ತಯಾರಕರು ಹೇಳಿದಂತಿರಬೇಕು. ಎರಡೇ ಹೊಸ ಟೈರು ಕೊಳ್ಳುವ ಶಕ್ತಿಯಿದ್ದವರು ಅವನ್ನು ಮುಂದೆ ಹಾಕುವುದೇ ರೂಢಿ. ನಾವು ಹಿಂದೆ ಹಾಕಿರೆನ್ನುತ್ತೇವೆ. ಮಳೆಯ ರಸ್ತೆಯಲ್ಲಿ ಸವೆದ ಟೈರು ಮೊದಲು ಹಿಡಿತ ಬಿಡುತ್ತದೆ. ಬಿಡುವುದಾದರೆ ಮುಂದಿನದು ಬಿಡಲಿ, ಬಾಲ ಬೀಸದಿರಲಿ. ಕಾರಿನ ಟೈರಿನ ಹಲ್ಲಿನ ಆಳ 1.6 ಮಿಲಿಮೀಟರಿಗಿಂತ ಕಡಮೆಯಾಗಬಾರದೆಂದು ನಮ್ಮ ದೇಶದ ನಿಯಮವೂ ಇದೆ. ನಿಂತ ನೀರಿನ ಮೇಲೆ ಸವೆದ ಟೈರು ತೇಲತೊಡಗುವ ವೇಗವು ಗಾಳಿಯ ಒತ್ತಡದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆಂದು ಅಮೆರಿಕದ ನಾಸಾ ಸಂಸ್ಥೆಯವರು 1960ರ ದಶಕದಲ್ಲಿ ಕಂಡುಕೊಂಡರು: 26 ಪೌಂಡಿಗೆ ಗಂಟೆಗೆ ಸುಮಾರು 85 ಕಿಲೋಮೀಟರು, 16 ಪೌಂಡಿಗೆ 67. ಮಳೆಯೇ ಅಪರೂಪವಾದ ಚಳ್ಳಕೆರೆಯಲ್ಲಿ ಇದನ್ನು ಹೇಳಿದರೆ ಜನ ನಗುತ್ತಾರೆ. ಆದರೆ ಕಾರು ಚಳ್ಳಕೆರೆಯಲ್ಲಿಯೇ ಉಳಿಯುವುದಿಲ್ಲವಲ್ಲ.

ಇನ್ನು ವೇಗ. ಇದಕ್ಕೆ ನಾವು ಉದಾಹರಣೆಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಇದೇ ತಾಲ್ಲೂಕಿನ ಕಾವಲು ಭೂಮಿಯಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯವಿದೆ, 2017ರಲ್ಲಿ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರಂದು, 2024ರ ಮಾರ್ಚ್ 22ರಂದು, ಮತ್ತೆ ಅದೇ ವರ್ಷದ ಜೂನ್ 23ರಂದು ಇಸ್ರೋ ಸಂಸ್ಥೆಯು ತನ್ನ ರೆಕ್ಕೆಯುಳ್ಳ ವಾಹನವನ್ನು ಇಲ್ಲಿಯ ಆಕಾಶದಲ್ಲಿ ಸುಮಾರು 4.5 ಕಿಲೋಮೀಟರು ಎತ್ತರದಲ್ಲಿ ಹೆಲಿಕಾಪ್ಟರಿನಿಂದ ಬಿಟ್ಟು, ತಾನಾಗಿಯೇ ಓಡುದಾರಿಯ ಮೇಲೆ ಇಳಿಯುವಂತೆ ಮಾಡಿತು. ‘ಪುಷ್ಪಕ’ವೆಂದು ಅದರ ಹೆಸರು. ಮೂರನೆಯ ಸಲ ಅದರ ಗಾಲಿ ನೆಲ ಮುಟ್ಟಿದಾಗ ವೇಗ ಗಂಟೆಗೆ 320 ಕಿಲೋಮೀಟರಿಗಿಂತ ಹೆಚ್ಚು. ಪ್ರಯಾಣಿಕರ ವಿಮಾನಗಳು ಸುಮಾರು 260ರಲ್ಲಿ ಇಳಿಯುತ್ತವೆ. ಕಾರಿನ ಟೈರುಗಳ ಮೇಲೆ ವೇಗದ ಮಿತಿಯನ್ನು ಸೂಚಿಸುವ ಒಂದು ಅಕ್ಷರವಿರುತ್ತದೆ: ‘ಟಿ’ ಎಂದರೆ 190, ‘ಎಚ್’ ಎಂದರೆ 210, ‘ವಿ’ ಎಂದರೆ 240, ‘ವೈ’ ಎಂದರೆ 300 ಕಿಲೋಮೀಟರು. ಚಳ್ಳಕೆರೆಯ ಓಡುದಾರಿಯಲ್ಲಿ ಇಳಿದ ಗಾಲಿ ಇವೆಲ್ಲವನ್ನೂ ಮೀರಿತ್ತು.

ಮೀರಿದರೆ ಆಗುವುದೇನು? ನಮ್ಮ ಕಾರಿನ ಗಾಲಿ ಗಂಟೆಗೆ 100 ಕಿಲೋಮೀಟರಿನಲ್ಲಿ ತಿರುಗುವಾಗ ಅದರ ಹೊರಮೈಯ ಒಂದು ಗ್ರಾಂ ರಬ್ಬರನ್ನು ವೃತ್ತದಲ್ಲಿ ಹಿಡಿದಿಡಲು ಅದರ ತೂಕದ ಸುಮಾರು 270 ಪಟ್ಟು ಬಲ ಬೇಕು. ವೇಗದ ವರ್ಗಕ್ಕೆ ಅನುಗುಣವಾಗಿ ಇದು ಏರುವುದರಿಂದ 320ರಲ್ಲಿ ಅದೇ ಗಾಲಿಗೆ 2,800 ಪಟ್ಟು. ಇಳಿಯುವ ವಾಹನದ ಶಕ್ತಿಯೂ ವೇಗದ ವರ್ಗದಂತೆಯೇ. ಪುಷ್ಪಕವು ನೆಲ ಮುಟ್ಟಿದೊಡನೆ ಪ್ಯಾರಾಚೂಟನ್ನು ಬಿಚ್ಚಿ ವೇಗವನ್ನು ಸುಮಾರು 100ಕ್ಕೆ ಇಳಿಸಿ, ಆಮೇಲೆ ಗಾಲಿಯ ಬ್ರೇಕನ್ನು ಬಳಸಿತು. ವರ್ಗ ಮಾಡಿ ನೋಡಿ: ಆ ಹೊತ್ತಿಗೆ ಉಳಿದ ಶಕ್ತಿ ಮೊದಲಿನ ಹತ್ತರಲ್ಲಿ ಒಂದು ಪಾಲು ಮಾತ್ರ. ಒಂಬತ್ತು ಪಾಲನ್ನು ಬಹುಮಟ್ಟಿಗೆ ಗಾಳಿಗೆ ಒಪ್ಪಿಸಿ, ಒಂದನ್ನು ಬ್ರೇಕಿಗೂ ಟೈರಿಗೂ ಬಿಟ್ಟರು. ನಮ್ಮ ಹುಡುಗನ ಕಾರಿಗೆ ಪ್ಯಾರಾಚೂಟಿಲ್ಲ. ಹತ್ತೂ ಪಾಲು ಅವಕ್ಕೇ.

ಗಾಳಿ ಕಡಮೆಯಾದ ಟೈರಿನ ಕೇಡು ಇರುವುದು ಇಲ್ಲಿಯೇ. 120ರ ವೇಗದಲ್ಲಿ ಗಾಲಿ ಒಂದು ಸೆಕೆಂಡಿಗೆ 18 ಸುತ್ತು ತಿರುಗುತ್ತದೆ. ಪಕ್ಕೆಯ ಪ್ರತಿಯೊಂದು ಭಾಗವೂ ಅಷ್ಟು ಸಲ ಮಡಿದು ಅಷ್ಟು ಸಲ ನೆಟ್ಟಗಾಗಬೇಕು. ಮಡಿಸಲು ತೆಗೆದುಕೊಂಡ ಶಕ್ತಿಯನ್ನು ರಬ್ಬರು ಪೂರ್ತಿ ಹಿಂದಿರುಗಿಸುವುದಿಲ್ಲ, ಉಳಿದುದು ಶಾಖವಾಗುತ್ತದೆ. ಗಾಳಿ ಕಡಮೆಯಾದಷ್ಟೂ ಮಡಿಕೆ ಆಳ, ಶಾಖ ಹೆಚ್ಚು. ಇನ್ನೂ ವೇಗ ಹೆಚ್ಚಿದರೆ ಒಂದು ಮಡಿಕೆ ನೆಟ್ಟಗಾಗುವ ಮೊದಲೇ ಅದು ಮತ್ತೆ ನೆಲಕ್ಕೆ ಬಂದಿರುತ್ತದೆ. ಆಗ ಟೈರಿನ ಮೇಲೆ, ಸೋನೋಮೀಟರಿನ ತಂತಿಯಲ್ಲಿ ನೀವು ಕಂಡಿರುವಂಥ ಸ್ಥಾಯೀತರಂಗ ಏಳುತ್ತದೆ. ಹಾಗೆ ಎದ್ದ ಟೈರು ಕೆಲವೇ ನಿಮಿಷಗಳಲ್ಲಿ ಚಿಂದಿಯಾಗಬಹುದು. 2000ದ ಆಗಸ್ಟಿನಲ್ಲಿ ಅಮೆರಿಕದ ಫೈರ್‌ಸ್ಟೋನ್ ಕಂಪನಿ ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಬಿಸಿಯ ಹೆದ್ದಾರಿಗಳಲ್ಲಿ ಅವುಗಳ ಹೊರಪಟ್ಟಿ ಕಳಚಿ, ಬಹುಪಾಲು ಫೋರ್ಡ್ ಎಕ್ಸ್‌ಪ್ಲೋರರ್ ವಾಹನಗಳು ಉರುಳಿ, 270ಕ್ಕೂ ಹೆಚ್ಚು ಜನ ಮಡಿದಿದ್ದರು. ವಾಹನದ ಕಂಪನಿ 26 ಪೌಂಡು ಸಾಕೆಂದಿತ್ತು, ಟೈರಿನ ಕಂಪನಿ 30 ಇರಬೇಕಾಗಿತ್ತೆಂದಿತು; ಇಬ್ಬರೂ ಒಬ್ಬರನ್ನೊಬ್ಬರು ದೂರಿದರು. ಗಾಳಿ ಇಳಿದರೆ ಚಾಲಕನ ಮುಂದೆ ದೀಪ ಹೊತ್ತಿಸುವ ಸಾಧನವನ್ನು ಅಲ್ಲಿ ಕಡ್ಡಾಯ ಮಾಡಿದುದು ಈ ದುರಂತದ ಅನಂತರವೇ.

ಹುಡುಗನು ಮೆಚ್ಚಿದ ಆ ಟೈರಿಗೆ ಈಗ ಬರೋಣ. ಅದರ ಪಕ್ಕೆಯ ಒಂದು ಮೂಲೆಯಲ್ಲಿ, ಸಣ್ಣ ಅಂಡಾಕಾರದ ಚೌಕಟ್ಟಿನೊಳಗೆ 0711 ಎಂಬ ನಾಲ್ಕು ಅಂಕಿಗಳಿದ್ದವು. ಮೊದಲಿನವೆರಡು ವಾರ, ಕೊನೆಯವೆರಡು ವರ್ಷ: 2011ರ ಏಳನೆಯ ವಾರದಲ್ಲಿ ಹುಟ್ಟಿದ್ದು. ಹಲ್ಲು ಸವೆದಿರಲಿಲ್ಲ, ಏಕೆಂದರೆ ಅದು ಓಡಿರಲಿಲ್ಲ. ಆದರೆ ರಬ್ಬರಿಗೆ ಮುಪ್ಪು ಬರಲು ಓಡಬೇಕಾಗಿಲ್ಲ. ಗಾಳಿಯ ಆಮ್ಲಜನಕ, ಓಜೋನು, ಬಿಸಿಲು ಸಾಕು. ಸ್ಪೋರ್ಟ್ಸ್ ಕಾರುಗಳು ಹೆಚ್ಚಾಗಿ ನಿಂತೇ ಇರುವುದರಿಂದ ಈ ಮೋಸ ಅವುಗಳಲ್ಲಿಯೇ ಜಾಸ್ತಿ. ಚಲಚ್ಚಿತ್ರ ನಟ ಪಾಲ್ ವಾಕರ್ 2013ರ ನವೆಂಬರ್ 30ರಂದು ಕ್ಯಾಲಿಫೋರ್ನಿಯದಲ್ಲಿ, ತಮ್ಮ ಮಿತ್ರರು ಓಡಿಸುತ್ತಿದ್ದ ಪೋರ್ಷೆ ಕಾರಿನಲ್ಲಿ ತೀರಿಕೊಂಡರು. ಗಂಟೆಗೆ 72 ಕಿಲೋಮೀಟರಿನ ಮಿತಿಯಿದ್ದ ರಸ್ತೆಯಲ್ಲಿ ಕಾರು 130ರಿಂದ 150ರ ವೇಗದಲ್ಲಿತ್ತು, ವೇಗವೇ ಕಾರಣವೆಂದು ತನಿಖೆಯವರು ಹೇಳಿದರು. ಅದೇ ತನಿಖೆಯಲ್ಲಿ ಆ ಕಾರಿನ ಟೈರುಗಳಿಗೆ ಒಂಬತ್ತು ವರ್ಷ ವಯಸ್ಸಾಗಿದ್ದುದೂ ಗೊತ್ತಾಯಿತು.

ಇದನ್ನು ಹೇಳಿದಾಗ ಹುಡುಗ ಮಾತಾಡಲಿಲ್ಲ. ಆ ನಟನ ಚಿತ್ರ ಅವನ ಫೋನಿನ ಮೇಲೆಯೇ ಇತ್ತು.

ಮುಂದಿನ ವಾರ ಅವರು ಚಿತ್ರದುರ್ಗಕ್ಕೆ ಹೋಗಿ, ಮುಂದಿನವುಗಳದೇ ಕಂಪನಿಯ, ಅದೇ ಅಳತೆಯ ಎರಡು ಹೊಸ ಟೈರುಗಳನ್ನು ಕೊಂಡು ಹಿಂದಕ್ಕೆ ಹಾಕಿಸಿದರು. ಒಂದು ಗೇಜನ್ನೂ ಕೊಂಡರು. ಉಗ್ರಾಣದ ಬಾಗಿಲ ಮೇಲೆ ಈಗ ವಾರಕ್ಕೊಮ್ಮೆ ಬೆಳಗ್ಗೆ ನಾಲ್ಕು ಅಂಕಿಗಳು ಬೀಳುತ್ತವೆ. ಕಾರು ಇನ್ನೂ 120 ಮುಟ್ಟಿಲ್ಲವೆಂದು ಮಿತ್ರರ ಹೇಳಿಕೆ. ಹುಡುಗನನ್ನು ನಾವು ಕೇಳಲು ಹೋಗಿಲ್ಲ.

ಹಳೆಯ ಟೈರನ್ನು ಪ್ರಯೋಗಶಾಲೆಗೆ ಬೇಕೆಂದು ಕೇಳಿ ಪಡೆದೆವು. ರೇಡಿಯಲ್ಲಿನ ಎಳೆಗಳನ್ನು ವಿದ್ಯಾರ್ಥಿಗಳಿಗೆ ತೋರಿಸಬೇಕೆಂದು ಗರಗಸದಿಂದ ಅಡ್ಡಲಾಗಿ ಕೊಯ್ಯಿಸಿದೆವು. ಎಳೆಗಳು ಪುಸ್ತಕದ ಚಿತ್ರದಲ್ಲಿರುವಂತೆಯೇ ಕಂಡವು. ಆಳವಾದ ಆ ಹಲ್ಲುಗಳ ಕೆಳಗೆ, ಹೆಗಲಿನ ಬಳಿ, ಉಕ್ಕಿನ ಪಟ್ಟಿ ರಬ್ಬರಿನಿಂದ ಬಿಟ್ಟುಕೊಂಡಿತ್ತು. ಆ ಸಂದಿನಲ್ಲಿ ನಮ್ಮ ಕಿರುಬೆರಳು ತಡೆಯಿಲ್ಲದೆ ಹೋಯಿತು.